ಮಾಜಿಗಳು ಮಾತಾಡಲಿ, ಲೆಕ್ಕ ಕೊಟ್ಟು ಮಾತಾಡಲಿ

ಮಳೆ ಬಂದರೆ ಕಪ್ಪೆ ಕೂಗುತ್ತೆ, ಚುನಾವಣೆ ಬಂದರೆ ಪುಢಾರಿ ಕೂಗ್ತಾನೆ ಅಂತ ಮೊದಲು ನಾವು ತಮಾಷೆ ಮಾಡ್ತಿದ್ವಿ. ಈಗ ಮಳೆಯೂ ಬೇಕಿಲ್ಲ, ಚುನಾವಣೆಯೂ ಬೇಕಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಟಿವಿಯಲ್ಲಿ ಶುರುವಾಗುತ್ತೆ. ನಾಲ್ಕು ಕುರ್ಚಿ, ನಾಲ್ಕು ಜನ. ಅದರಲ್ಲಿ ಇಬ್ಬರು ಮೂವರಾದರೂ ಮಾಜಿಗಳು. ಮಾಜಿ ಮಂತ್ರಿ, ಮಾಜಿ ಶಾಸಕರು, ಮಾಜಿ ಸಂಸದರು. ಅವರ ಮುಂದೆ ಒಬ್ಬ ಹುಡುಗ ಕೋಟು ಹಾಕಿಕೊಂಡು, "ಹೇಳಿ ಸಾರ್, ಹೇಳಿ ಸಾರ್" ಅಂತ ಒಬ್ಬರ ಮೇಲೊಬ್ಬರನ್ನು ಬಿಡ್ತಾನೆ. ಹುಂಜದ ಅಂಕ ನೋಡಿದವರಿಗೆ ಇದು ಹೊಸದೇನಲ್ಲ.

ಈ ಮಾಜಿಗಳ ಮಾತಿನ ಬಗ್ಗೆ ನನಗೆ ಅನ್ನಿಸಿದ್ದನ್ನು ನಾಲ್ಕು ಸಾಲು ಬರೀತೀನಿ. ನಾನು ಓದಿದ್ದು ಏಳನೇ ಕ್ಲಾಸು. ನಮ್ಮದು ಚಿತ್ರದುರ್ಗದ ಕಡೆಯ ಬಯಲು ಸೀಮೆ, ಮಳೆ ಆಧಾರದ ಹೊಲ. ಶೇಂಗಾ, ರಾಗಿ, ಅಕ್ಕಡಿಗೆ ತೊಗರಿ. ರಾಜಕೀಯ ಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಬೇಸಾಯ ಬಿಟ್ಟ ಹಿರಿಯರು ಹೇಗೆ ಮಾತಾಡ್ತಾರೆ, ಕುರ್ಚಿ ಬಿಟ್ಟ ಹಿರಿಯರು ಹೇಗೆ ಮಾತಾಡ್ತಾರೆ, ಎರಡನ್ನೂ ಕೇಳಿದ್ದೀನಿ. ಆ ವ್ಯತ್ಯಾಸವೇ ನನ್ನ ವಿಷಯ.

ನೇಗಿಲು ಬಿಟ್ಟವರ ಮಾತು

ಪ್ರತಿ ಊರಲ್ಲೂ ಕೈಲಾಗದೆ ನೇಗಿಲು ಬಿಟ್ಟ ತಾತಂದಿರು ನಾಲ್ಕು ಜನ ಇರ್ತಾರೆ. ಅರಳಿ ಕಟ್ಟೆ ಮೇಲೆ ಕೂತಿರ್ತಾರೆ. ಅವರ ಮಾತಿಗೆ ನಾವು ಬೆಲೆ ಕೊಡೋದು ಯಾಕೆ? ಅವರಿಗೆ ವಯಸ್ಸಾಗಿದೆ ಅಂತ ಮಾತ್ರ ಅಲ್ಲ. ಯಾವ ಹೊಲದ ಯಾವ ಮೂಲೆಯಲ್ಲಿ ಸುಣ್ಣದ ಕಲ್ಲು ಇದೆ, ಯಾವ ಹಳ್ಳದ ನೀರು ಎಲ್ಲಿಗೆ ನುಗ್ಗುತ್ತೆ, ಯಾವ ವರ್ಷ ಮಘೆ ಮಳೆ ಕೈ ಕೊಟ್ಟಾಗ ಏನು ಬಿತ್ತಿ ಬದುಕಿಕೊಂಡರು, ಇವೆಲ್ಲ ಅವರ ತಲೆಯಲ್ಲಿ ಇರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಬಾಯಲ್ಲಿ ಒಂದು ಮಾತು ಬರುತ್ತೆ. "ಒಂದೇ ಮಳೆ ನಂಬಿ ಇದ್ದ ಬೀಜ ಎಲ್ಲಾ ಹಾಕಿ ಕೆಟ್ಟೆ ಕಣಪ್ಪಾ, ನೀನು ಅರ್ಧ ಇಟ್ಕೋ" ಅಂತಾರೆ. ತಾನು ಕೆಟ್ಟ ದಾರಿ ತೋರಿಸಿ ಇನ್ನೊಬ್ಬನನ್ನು ಉಳಿಸುವ ಮಾತು ಅದು.

ಟಿವಿಯಲ್ಲಿ ಕೂರುವ ಮಾಜಿಗಳ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಬಹಳ ಕಡಿಮೆ. "ನಮ್ಮ ಕಾಲದಲ್ಲಿ ಹಿಂಗಿರಲಿಲ್ಲ" ಅಂತಾರೆ. "ಇವರಿಗೆ ಆಡಳಿತವೇ ಗೊತ್ತಿಲ್ಲ" ಅಂತಾರೆ. "ನಾನು ಆಗಲೇ ಹೇಳಿದ್ದೆ" ಅಂತಾರೆ. ಆಗ ಹೇಳಿದ್ದು ಯಾರಿಗೆ, ಎಲ್ಲಿ, ಯಾವ ತಾರೀಕು? ಕೇಳುವವರಿಲ್ಲ. ಮಂತ್ರಿಯಾಗಿದ್ದಾಗ ಅದೇ ಕೆಲಸದ ಫೈಲು ಅವರ ಮೇಜಿನ ಮೇಲೆ ಎಷ್ಟು ತಿಂಗಳು ಇತ್ತು? ಅದನ್ನೂ ಕೇಳುವವರಿಲ್ಲ.

ಹಾಗಂತ ಮಾಜಿಗಳು ಬಾಯಿ ಮುಚ್ಚಿಕೊಂಡು ಮನೆಯಲ್ಲಿರಲಿ ಅಂತ ನಾನು ಹೇಳೋದಿಲ್ಲ. ಅವರಿಗೆ ಗೊತ್ತಿರೋದು ಬೇರೆ ಯಾರಿಗೂ ಗೊತ್ತಿಲ್ಲ. ಸಂಪುಟದ ಸಭೆಯಲ್ಲಿ ಕೂತು ಬಂದವರು. ಅಧಿಕಾರಿ ಎಲ್ಲಿ ಷರಾ ಬರೆದು ಕೆಲಸ ನಿಲ್ಲಿಸ್ತಾನೆ, ಹಣಕಾಸು ಇಲಾಖೆ ಯಾವ ಕಾರಣಕ್ಕೆ ವಾಪಸ್ ಕಳಿಸುತ್ತೆ, ಗುತ್ತಿಗೆದಾರ ಯಾರ ಮನೆ ಬಾಗಿಲಿಗೆ ಹೋಗ್ತಾನೆ, ಎಲ್ಲಾ ನೋಡಿದವರು. ಜೊತೆಗೆ ಅವರಲ್ಲಿ ಕೆಲವರಿಗಾದರೂ ಈಗ ಟಿಕೆಟ್ಟಿನ ಆಸೆ ಇಲ್ಲ, ಹೈಕಮಾಂಡಿನ ಭಯ ಇಲ್ಲ. ನಿಜ ಹೇಳೋದಕ್ಕೆ ಇದಕ್ಕಿಂತ ಒಳ್ಳೆ ಕಾಲ ಯಾವುದು? (ಮಗನಿಗೋ ಸೊಸೆಗೋ ಟಿಕೆಟ್ ಕೇಳ್ತಿರುವವರ ಮಾತು ಬೇರೆ. ಅವರನ್ನು ಮಾಜಿ ಅನ್ನೋದೇ ಕಷ್ಟ.)

ಇಷ್ಟು ತಿಳಿದವರನ್ನು ಕರೆಸಿ ಕೂರಿಸಿಕೊಂಡು ಟಿವಿಯವರು ಕೇಳೋದು ಏನು? ಮುಂದಿನ ಮುಖ್ಯಮಂತ್ರಿ ಯಾರು, ಯಾರು ಯಾರ ಮನೆಗೆ ಊಟಕ್ಕೆ ಹೋಗಿದ್ದರು, ಯಾವ ಬಣದಲ್ಲಿ ಎಷ್ಟು ಜನ. ಹಾಲು ಕೊಡುವ ಹಸುವನ್ನು ಕಟ್ಟಿ ಬರೀ ಕೋಡು ಎಣಿಸಿದ ಹಾಗಾಯ್ತು.

ಬರದ ವರ್ಷದ ಚರ್ಚೆ

2023ನೇ ಇಸವಿ ನಮ್ಮ ಕಡೆಯವರು ಯಾರೂ ಮರೆಯೋದಿಲ್ಲ. ಮುಂಗಾರು ತಡವಾಯ್ತು, ಆಗಸ್ಟ್ ತಿಂಗಳು ಒಣಗಿ ಹೋಯ್ತು. ಶೇಂಗಾ ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ನೆಲ ಕಲ್ಲಾಗಿತ್ತು. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಮಾಡಿತು. ಆಮೇಲೆ ಅದು 223ಕ್ಕೆ ಏರಿತು. ರಾಜ್ಯದಲ್ಲಿ ಇದ್ದದ್ದೇ 236 ತಾಲ್ಲೂಕು.

ಆ ತಿಂಗಳುಗಳಲ್ಲಿ ಟಿವಿಯಲ್ಲಿ ಬರದ ಚರ್ಚೆ ಬೇಕಾದಷ್ಟು ನಡೀತು. ರಾಜ್ಯ 18,171 ಕೋಟಿ ಕೇಳಿತ್ತು. ಕೇಂದ್ರ ಕೊಡಲಿಲ್ಲ ಅಂತ ಇವರು, ಸರಿಯಾಗಿ ಕೇಳಲಿಲ್ಲ ಅಂತ ಅವರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ಅಷ್ಟರಲ್ಲಿ ನಾವು ಮುಂದಿನ ಬಿತ್ತನೆಗೆ ಹೊಲ ಹಸನು ಮಾಡ್ತಿದ್ವಿ.

ಕೋಟಿಯ ಲೆಕ್ಕದಲ್ಲಿ ಎಲ್ಲರೂ ಗಂಟಲು ಹರಿದುಕೊಂಡರು. ಎಕರೆಯ ಲೆಕ್ಕ ಯಾರೂ ಎತ್ತಲಿಲ್ಲ. ಮಳೆ ಆಧಾರದ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ತನಕ, ಅಂತ ಕೇಂದ್ರದ ನಿಯಮ 2022ರಿಂದ ಇತ್ತು. ಎಕರೆಗೆ ಹಿಡಿದರೆ ಸುಮಾರು 3,400 ರೂಪಾಯಿ. ಆ ವರ್ಷ ನನಗೆ ಒಂದೆಕರೆ ಶೇಂಗಾಕ್ಕೆ ಬೀಜ, ಟ್ರಾಕ್ಟರ್ ಬಾಡಿಗೆ, ಗೊಬ್ಬರ, ಕಳೆ ತೆಗೆಸಿದ ಕೂಲಿ ಎಲ್ಲಾ ಸೇರಿ ಹದಿನಾಲ್ಕು ಸಾವಿರ ಬಿದ್ದಿತ್ತು. ನನ್ನ ದುಡಿಮೆ, ಹೆಂಡತಿ ದುಡಿಮೆ ಅದರಲ್ಲಿ ಸೇರಿಲ್ಲ. ಸರ್ಕಾರದ ಲೆಕ್ಕದ ದುಡ್ಡು ಬೀಜವೊಂದಕ್ಕೂ ಸಾಲದು.

ಈ 8,500 ಅನ್ನೋ ಅಂಕಿ ಎಲ್ಲಿಂದ ಬಂತು? 2015ರಲ್ಲಿ ಇದು 6,800 ಇತ್ತು. ಅದೇ ವರ್ಷ ಇನ್ನೊಂದು ನಿಯಮ ಬದಲಾಯ್ತು. ಅದಕ್ಕೆ ಮುಂಚೆ ಅರ್ಧ ಬೆಳೆ ಹೋದರೆ ಮಾತ್ರ ಪರಿಹಾರ ಇತ್ತು, ಆಗ ಅದನ್ನು ಶೇಕಡಾ 33ಕ್ಕೆ ಇಳಿಸಿದರು. ಅಂದರೆ ಈ ನಿಯಮಗಳು ಆಕಾಶದಿಂದ ಉದುರಿದ್ದಲ್ಲ. ಯಾರೋ ಮೇಜಿನ ಸುತ್ತ ಕೂತು ಬರೆದದ್ದು, ಯಾರೋ ವಾದ ಮಾಡಿ ಬದಲಾಯಿಸಿದ್ದು. ಆ ಸಭೆಗಳಿಗೆ ಹೋಗಿ ಬಂದ ಕಂದಾಯ ಮಂತ್ರಿಗಳು, ಕೃಷಿ ಮಂತ್ರಿಗಳು ಇವತ್ತು ಮಾಜಿಗಳಾಗಿ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿ, "ಸ್ವಾಮಿ, ಒಂದೆಕರೆಗೆ ಬೀಜದ ಖರ್ಚು ಎಷ್ಟು ಅಂತ ಅವತ್ತು ಯಾರಾದರೂ ಬಾಯಿ ಬಿಟ್ಟರಾ? ನೀವು ಬಿಟ್ಟಿರಾ? ಯಾರು ಬೇಡ ಅಂದರು?" ಅಂತ ಕೇಳಿದರೆ ಅದು ಚರ್ಚೆ. ಆ ಉತ್ತರ ನಮ್ಮ ಹತ್ತಿರ ಇದ್ದರೆ ಮುಂದಿನ ಸಲ ನಿಯಮ ಬರೆಯುವಾಗ ಎಲ್ಲಿ ಹೋಗಿ ಹಿಡಿಯಬೇಕು ಅಂತ ರೈತನಿಗೆ ತಿಳಿಯುತ್ತೆ.

ವಿಮೆಯ ಗಂಟು

ಇನ್ನೊಂದು ವಿಷಯ ಬೆಳೆ ವಿಮೆ. ಫಸಲ್ ಬಿಮಾ 2016ರ ಮುಂಗಾರಿನಿಂದ ಬಂತು. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತನ ಕಂತು ಶೇಕಡಾ 2. ಟಿವಿಯಲ್ಲಿ ಒಬ್ಬರು "ನಾವು ತಂದದ್ದು" ಅಂತಾರೆ, ಇನ್ನೊಬ್ಬರು "ಕಂಪನಿಗಳಿಗೆ ಲಾಭ ಮಾಡಿಕೊಟ್ಟರು" ಅಂತಾರೆ. ಅಲ್ಲಿಗೆ ಜಾಹೀರಾತು ಬರುತ್ತೆ.

ವಿಮೆ ಹಣ ಯಾಕೆ ಬರಲಿಲ್ಲ ಅನ್ನೋದಕ್ಕೆ ಉತ್ತರ ಬೇರೆ ಕಡೆ ಇದೆ. ಮುಖ್ಯ ಬೆಳೆಗಳಿಗೆ ನಷ್ಟ ಅಳೆಯೋದು ನನ್ನ ಹೊಲದಲ್ಲಿ ಅಲ್ಲ, ಇಡೀ ಗ್ರಾಮ ಪಂಚಾಯ್ತಿಯ ಸರಾಸರಿಯಲ್ಲಿ. ಅದಕ್ಕೆ ಬೆಳೆ ಕಟಾವು ಪ್ರಯೋಗ ಮಾಡ್ತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷದ ಇಳುವರಿ ಸರಾಸರಿ ತೆಗೆದು, ಅದರಲ್ಲಿ ಶೇಕಡಾ 70, 80 ಅಥವಾ 90ನ್ನು ಮಟ್ಟ ಅಂತ ಇಡ್ತಾರೆ. ಒಂದು ಉದಾಹರಣೆ ಹೇಳ್ತೀನಿ. ಸರಾಸರಿ ಎಕರೆಗೆ 4 ಕ್ವಿಂಟಾಲ್ ಇದೆ ಅನ್ನಿ. ಶೇಕಡಾ 80ರ ಮಟ್ಟ ಅಂದರೆ 3.2 ಕ್ವಿಂಟಾಲ್. ಈ ವರ್ಷ ಪಂಚಾಯ್ತಿ ಸರಾಸರಿ 3 ಕ್ವಿಂಟಾಲ್ ಬಂತು ಅಂದರೆ, ಕಡಿಮೆಯಾದದ್ದು 0.2 ಮಾತ್ರ. ವಿಮಾ ಮೊತ್ತದ ಹದಿನಾರನೇ ಒಂದು ಪಾಲು ಸಿಗುತ್ತೆ. 3.2ಕ್ಕಿಂತ ಹೆಚ್ಚು ಬಂದರೆ ಸೊನ್ನೆ.

ನಮ್ಮಂಥ ಸೀಮೆಯಲ್ಲಿ ಏಳರಲ್ಲಿ ಮೂರು ನಾಲ್ಕು ವರ್ಷ ಬರವೇ ಇದ್ದರೆ ಆ "ಚೆನ್ನಾಗಿ ಬಂದ 5 ವರ್ಷ"ದ ಒಳಗೂ ಬರ ನುಸುಳುತ್ತೆ. ಸರಾಸರಿ ಕೆಳಗಿಳಿಯುತ್ತೆ. ಬರ ಹೆಚ್ಚಾದಷ್ಟೂ ಪರಿಹಾರ ಕಡಿಮೆ! ಈ ಗಂಟು ನಮ್ಮ ಕಣ್ಣಿಗೆ ಕಾಣುತ್ತೆ ಅಂದ ಮೇಲೆ ಕೃಷಿ ಖಾತೆ ನೋಡಿದವರಿಗೆ ಕಾಣದೇ ಇರುತ್ತಾ? ಕಂಡಿದ್ದರೆ ಯಾಕೆ ಬಿಚ್ಚಲಿಲ್ಲ? ಕಾಣದಿದ್ದರೆ ಯಾಕೆ ಕಾಣಲಿಲ್ಲ? ಎರಡರಲ್ಲಿ ಯಾವ ಉತ್ತರ ಬಂದರೂ ನಮಗೆ ಉಪಯೋಗ.

ಮೂರೂ ಪಕ್ಷದವರು ಒಂದೇ ಸಾಲಿನಲ್ಲಿ

ಭದ್ರಾ ಮೇಲ್ದಂಡೆ ಅಂದರೆ ನಮ್ಮ ಕಡೆ ಮೂರನೇ ತಲೆಮಾರು ಕನಸು ಕಾಣ್ತಾ ಇದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ, ನಾಲ್ಕು ಜಿಲ್ಲೆಯ 2.25 ಲಕ್ಷ ಹೆಕ್ಟೇರಿಗೆ ನೀರು ಕೊಡುವ, 367 ಕೆರೆ ತುಂಬಿಸುವ ಯೋಜನೆ. 2003ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 2,813 ಕೋಟಿ. 2020ರ ಹೊತ್ತಿಗೆ ಅದು 21,473 ಕೋಟಿ. 2023ರ ಫೆಬ್ರವರಿಯಲ್ಲಿ ಕೇಂದ್ರದ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದರು. ಆ ದುಡ್ಡು ಎಲ್ಲಿ ಅಂತ ಆಮೇಲೆ ಟಿವಿಯಲ್ಲಿ ಎಷ್ಟು ಸಂಜೆ ಜಗಳ ಆಯ್ತೋ ಲೆಕ್ಕ ಇಲ್ಲ.

2003ರಿಂದ ಈಚೆಗೆ ಈ ರಾಜ್ಯವನ್ನು ಕಾಂಗ್ರೆಸ್ ಆಳಿದೆ, ಜನತಾದಳ ಆಳಿದೆ, ಬಿಜೆಪಿ ಆಳಿದೆ. ಇಬ್ಬಿಬ್ಬರು ಸೇರಿಯೂ ಆಳಿದ್ದಾರೆ. ಆದ್ದರಿಂದ ಟಿವಿಯಲ್ಲಿ ಮೂರು ಪಕ್ಷದ ಮೂರು ಮಾಜಿಗಳನ್ನು ಕೂರಿಸಿದರೆ ಅವರಲ್ಲಿ ಹೊರಗಿನವರು ಯಾರೂ ಇಲ್ಲ. ಎಲ್ಲರೂ ಒಂದಲ್ಲ ಒಂದು ಸಲ ಆ ಫೈಲಿನ ಹಾದಿಯಲ್ಲಿ ಹೋದವರೇ. ಆದರೆ ಟಿವಿಯಲ್ಲಿ ಅವರನ್ನು ವಾದಿ ಪ್ರತಿವಾದಿ ಥರ ಕೂರಿಸ್ತಾರೆ. ಅವರೂ ಹಾಗೇ ಕೂಗಾಡಿ ಹೊರಗೆ ಬಂದು ಒಟ್ಟಿಗೆ ಕಾಫಿ ಕುಡೀತಾರೆ. ನಾನು ಹೇಳೋದು, ಅವರನ್ನು ಸಾಕ್ಷಿಗಳ ಥರ ಕೂರಿಸಿ. 2,813 ಕೋಟಿ ಹೇಗೆ 21,473 ಆಯ್ತು, ನಿಮ್ಮ ನಿಮ್ಮ ವರ್ಷಗಳಲ್ಲಿ ಎಷ್ಟು ಕಿಲೋಮೀಟರ್ ಕಾಲುವೆ ಆಯ್ತು, ಎಲ್ಲಿ ನಿಂತಿತು, ಯಾಕೆ ನಿಂತಿತು, ಸರದಿ ಪ್ರಕಾರ ಹೇಳಿ ಅಂತ ಕೇಳಿ. ಒಂದು ಗಂಟೆಯಲ್ಲಿ ನಮಗೆ ಇಪ್ಪತ್ತು ವರ್ಷದ ಕಥೆ ಗೊತ್ತಾಗುತ್ತೆ.

ನಮಗೇನು ನಷ್ಟ ಅನ್ನುವವರಿಗೆ

"ಅವರು ಕೂಗಾಡಿಕೊಳ್ಳಲಿ ಬಿಡಣ್ಣ, ನಾಟಕ ನೋಡಿದ ಹಂಗೆ ನೋಡಿ ಮಲಗಿದರಾಯ್ತು, ನಮ್ಮ ಗಂಟೇನು ಹೋಯ್ತು?" ಅಂತ ನಮ್ಮೂರಿನ ಹುಡುಗರು ಅಂತಾರೆ. ಗಂಟು ಹೋಗುತ್ತೆ ಅಂತ ನನ್ನ ವಾದ.

ಮೊದಲನೇದು, ಟಿವಿಯವರ ಖರ್ಚಿನ ಲೆಕ್ಕ. ಒಣಗಿದ ಹೊಲ ತೋರಿಸಬೇಕಾದರೆ ಗಾಡಿ ಬೇಕು, ಡ್ರೈವರ್ ಬೇಕು, ಕ್ಯಾಮೆರಾದವನು ಬೇಕು, ಒಂದು ದಿನ ಬೇಕು. ನಾಲ್ಕು ಕುರ್ಚಿ ಹಾಕಿ ನಾಲ್ಕು ಜನರನ್ನು ಕರೆದರೆ ಅಷ್ಟೇ ಹೊತ್ತು ತುಂಬುತ್ತೆ, ಖರ್ಚು ಕಡಿಮೆ. ಹೀಗಾಗಿ ಹೊಲದ ಸುದ್ದಿಯ ಜಾಗವನ್ನು ಮಾತಿನ ಸುದ್ದಿ ನುಂಗಿದೆ.

ಎರಡನೇದು, ನಮ್ಮ ಕಟ್ಟೆಯ ಮಾತೂ ಕೆಡ್ತಾ ಇದೆ. ಮೊದಲು ಕಟ್ಟೆ ಮೇಲೆ ಬರ ಪರಿಹಾರದ ಮಾತು ಬಂದರೆ ಯಾರ ಹೆಸರು ಪಟ್ಟಿಯಲ್ಲಿ ಬಿಟ್ಟು ಹೋಗಿದೆ ಅಂತ ವಿಚಾರಿಸ್ತಿದ್ವಿ. ಈಗ ಅದೇ ಮಾತು ಎತ್ತಿದರೆ ಎರಡು ಗುಂಪಾಗಿ, ರಾತ್ರಿ ಟಿವಿಯಲ್ಲಿ ಕೇಳಿದ್ದನ್ನೇ ಒಬ್ಬರ ಮೇಲೊಬ್ಬರು ಎಸೀತಾರೆ. ಪಟ್ಟಿಯಲ್ಲಿ ಹೆಸರು ಬಿಟ್ಟವನು ಎರಡೂ ಗುಂಪಿನಲ್ಲಿ ಇರ್ತಾನೆ. ಅವನ ಕೆಲಸ ಆಗೋದಿಲ್ಲ. ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತ ಗಾದೆ ಇರೋದು ಸುಮ್ಮನೆ ಅಲ್ಲ.

ಮೂರನೇದು ದುಡ್ಡಿನ ಮಾತು. ಮಾಜಿ ಶಾಸಕರ ಪಿಂಚಣಿಯನ್ನು ತಿಂಗಳಿಗೆ 50 ಸಾವಿರದಿಂದ 75 ಸಾವಿರಕ್ಕೆ ಏರಿಸುವ ಮಸೂದೆ 2025ರ ಮಾರ್ಚಿನಲ್ಲಿ ವಿಧಾನಮಂಡಲದಲ್ಲಿ ಪಾಸಾಯ್ತು. ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲ ನಡೀತಿತ್ತು, ಆ ಗದ್ದಲದಲ್ಲೇ ಇದು ದಾಟಿತು. ಸಂಧ್ಯಾ ಸುರಕ್ಷಾದಲ್ಲಿ ನಮ್ಮೂರಿನ ಅರವತ್ತೈದು ದಾಟಿದ ಅಜ್ಜ ಅಜ್ಜಿಯರಿಗೆ ಬರೋದು ತಿಂಗಳಿಗೆ 1,200. ಅವರ ಪಿಂಚಣಿ ಕಿತ್ತುಕೊಳ್ಳಿ ಅಂತ ನಾನು ಹೇಳೋದಿಲ್ಲ. ಪ್ರಾಮಾಣಿಕವಾಗಿ ದುಡಿದು ಬರಿಗೈಲಿ ಮನೆಗೆ ಹೋದ ಶಾಸಕರೂ ಈ ನಾಡಿನಲ್ಲಿ ಇದ್ದರು. ಆದರೆ ಪಿಂಚಣಿ ತಿನ್ನುವವನು ಪೂರ್ತಿ ಬಿಡುಗಡೆ ಆದವನಲ್ಲ. ಸಂಬಳ ಕೊಟ್ಟವನು ಕೆಲಸದ ಲೆಕ್ಕ ಕೇಳಬಹುದು ಅಂದ ಮೇಲೆ, ಪಿಂಚಣಿ ಕೊಡುವವನು ಹಳೇ ಕೆಲಸದ ಲೆಕ್ಕ ಕೇಳಬಹುದು. ಕೊಡೋದು ಯಾರು? ಬೀಡಿ ಕಟ್ಟು, ಬೆಂಕಿಪೊಟ್ಟಣ, ಡೀಸೆಲ್ಲು ಕೊಳ್ಳುವ ನಾವೇ.

ಏನು ಮಾಡಬಹುದು

ಬರೀ ದೂರು ಬರೆದರೆ ನಾನೂ ಟಿವಿಯಲ್ಲಿ ಕೂತವರ ಥರ ಆಗ್ತೀನಿ. ನನಗೆ ತೋಚಿದ ನಾಲ್ಕು ಮಾತು ಹೇಳ್ತೀನಿ. ಓದುಗರು ತಿದ್ದಬೇಕು.

ಒಂದು. ಮಾತಾಡುವವರ ಹೆಸರಿನ ಕೆಳಗೆ "ಹಿರಿಯ ರಾಜಕಾರಣಿ" ಅಂತ ಹಾಕಿದರೆ ಸಾಲದು. ಯಾವ ಖಾತೆ, ಯಾವ ಇಸವಿಯಿಂದ ಯಾವ ಇಸವಿಗೆ, ಯಾವ ಯಾವ ಪಕ್ಷದಲ್ಲಿದ್ದರು ಅಂತ ಬರೀಬೇಕು. ಬಿತ್ತನೆ ಬೀಜದ ಚೀಲದ ಮೇಲೆ ತಳಿ, ಪರೀಕ್ಷೆ ಮಾಡಿದ ತಾರೀಕು, ಮೊಳಕೆ ಪ್ರಮಾಣ ಬರೆದಿರಬೇಕು ಅಂತ ಕಾಯ್ದೆ ಇದೆ. ಮಾತಿನ ಚೀಲಕ್ಕೂ ಒಂದು ಚೀಟಿ ಇರಲಿ.

ಎರಡು. ಮೊದಲನೇ ಪ್ರಶ್ನೆ ಎಲ್ಲರಿಗೂ ಒಂದೇ ಇರಲಿ. "ಈ ವಿಷಯದಲ್ಲಿ ನಿಮ್ಮ ಕೈಯಲ್ಲಿ ಅಧಿಕಾರ ಇದ್ದಾಗ ನೀವು ಏನು ಮಾಡಿದಿರಿ?" ಅದಕ್ಕೆ ಉತ್ತರ ಕೊಟ್ಟ ಮೇಲೆ ಈಗಿನವರನ್ನು ಎಷ್ಟು ಬೇಕಾದರೂ ಬೈಯಲಿ, ಕೇಳ್ತೀವಿ.

ಮೂರು. ಒಂದು ಕುರ್ಚಿ ಬೇಸಾಯ ಮಾಡುವವನಿಗೆ ಕೊಡಲಿ. ರೈತ ಮುಖಂಡ ಅಂತ ಹೆಗಲ ಮೇಲೆ ಶಾಲು ಹಾಕಿಕೊಂಡು ಬೆಂಗಳೂರಿನಲ್ಲೇ ಇರುವವರು ಬೇಡ. ಆ ವರ್ಷ ಬಿತ್ತಿ ಬೆಳೆ ಕಳೆದುಕೊಂಡವನು, ಅಥವಾ ಕಳೆದುಕೊಂಡವಳು, ಖರ್ಚಿನ ಚೀಟಿ ಕೈಯಲ್ಲಿ ಹಿಡಿದು ಕೂರಲಿ. ಎಕರೆಯ ಲೆಕ್ಕ ತಾನಾಗಿ ಬರುತ್ತೆ.

ನಾಲ್ಕು. ಟಿವಿಯವರು ನಮ್ಮ ಮಾತು ಕೇಳ್ತಾರೋ ಬಿಡ್ತಾರೋ. ನಮ್ಮ ಕೈಲಿರೋದನ್ನು ನಾವು ಮಾಡಬಹುದು. ನಿಮ್ಮ ತಾಲ್ಲೂಕಿನಲ್ಲೂ ಮಾಜಿ ಶಾಸಕರು, ಜಿಲ್ಲಾ ಪಂಚಾಯ್ತಿ ಮಾಜಿ ಸದಸ್ಯರು, ಮಾಜಿ ಮಂಡಲ ಪ್ರಧಾನರು ಇರ್ತಾರೆ. ಅವರನ್ನು ಮರ್ಯಾದೆಯಿಂದ ಊರಿಗೆ ಕರೆಯಿರಿ. ಹಾರ ತುರಾಯಿ ಬೇಡ, ಒಂದು ಲೋಟ ಮಜ್ಜಿಗೆ ಸಾಕು. ಕೆರೆ ಹೂಳು ಯಾಕೆ ತೆಗೆಯಲಿಲ್ಲ, ರಸ್ತೆ ಎರಡು ಸಲ ಬಿಲ್ ಆದದ್ದು ಹೇಗೆ, ನಮ್ಮ ಊರಿನ ಹೆಸರು ಆ ಯೋಜನೆಯಿಂದ ಯಾಕೆ ಬಿಟ್ಟು ಹೋಯ್ತು ಅಂತ ಕೇಳಿ. ಹೋಗುವ ಮುಂಚೆ ಸ್ವಲ್ಪ ತಯಾರಿ ಮಾಡಿಕೊಳ್ಳಿ. ವಿಧಾನಸಭೆಯಲ್ಲಿ ಆಡಿದ ಮಾತು ನಡಾವಳಿಯಲ್ಲಿ ಅಚ್ಚಾಗಿರುತ್ತೆ. ಕಚೇರಿಯ ಕಾಗದ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ. ಓದಿದ ಮಕ್ಕಳು ಮನೆಯಲ್ಲಿದ್ದಾರೆ, ಅವರಿಂದ ಅರ್ಜಿ ಬರೆಸಿ. ಅವರು ಹೇಳಿದ್ದನ್ನು ಒಬ್ಬರು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ, ಕೊನೆಗೆ ಓದಿ ಹೇಳಿ, ಅವರ ರುಜು ಹಾಕಿಸಿ. ರುಜು ಹಾಕುವಾಗ ಮನುಷ್ಯ ಮಾತನ್ನು ಸ್ವಲ್ಪ ತೂಗಿ ನೋಡ್ತಾನೆ.

ಕೆಲವರು ಬರೋದಿಲ್ಲ. ಕೆಲವರು ಬಂದು ತಮ್ಮ ಕಾಲದ ವೈಭವವನ್ನೇ ಹೇಳಿ ಹೋಗ್ತಾರೆ. ಆದರೆ ಹತ್ತರಲ್ಲಿ ಒಬ್ಬರಾದರೂ "ಅವತ್ತು ನಾನು ಗಟ್ಟಿಯಾಗಿ ನಿಲ್ಲಬೇಕಿತ್ತು ಕಣ್ರಯ್ಯಾ, ನಿಲ್ಲಲಿಲ್ಲ, ಕಾರಣ ಇದು" ಅಂತ ಬಾಯಿ ಬಿಟ್ಟರೆ ಅದು ನಮಗೆ ಒಂದು ಹದ ಮಳೆ ಬಿದ್ದ ಹಾಗೆ. ಅಂಥವರ ಮಾತನ್ನು ಈ ಪತ್ರಿಕೆಗೆ ಬರೆದು ಕಳಿಸಿ. ಯಾವ ತಾಲ್ಲೂಕಿನಲ್ಲಿ ಯಾವ ಕೆಲಸ ಎಲ್ಲಿ ನಿಂತಿತು ಅಂತ ನಾಲ್ಕು ಜನ ಬರೆದರೆ, ನಾಳೆ ಈಗಿನ ಮಂತ್ರಿಯ ಮುಂದೆ ಹೋಗಿ ನಿಂತಾಗ ನಮ್ಮ ಕೈಯಲ್ಲಿ ಏನಾದರೂ ಇರುತ್ತೆ. ಈಗಿನವರೂ ಒಂದು ದಿನ ಮಾಜಿಗಳಾಗುವವರೇ. ಇಳಿದ ಮೇಲೆ ಊರವರು ಲೆಕ್ಕ ಕೇಳ್ತಾರೆ ಅಂತ ಗೊತ್ತಿದ್ದರೆ, ಕುರ್ಚಿ ಮೇಲಿದ್ದಾಗಲೇ ಸ್ವಲ್ಪ ನೆನಪಿಟ್ಟುಕೊಳ್ತಾರೆ.